ನಲವತ್ತೊಂದು ಸೊನ್ನೆಗಳು

ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಎಲ್ಲರೂ ಅವಳನ್ನು ಸಕ್ಕರೆ ಅಕ್ಕ ಎನ್ನುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರಲ್ಲ, ರೋಗಿಗಳು ಇಟ್ಟದ್ದು. ಅವಳದು ಸಂಶೋಧನೆಯ ಕೆಲಸ ಎಂದರೆ ಕೇಳಿದವರು ಹುಬ್ಬೇರಿಸುತ್ತಾರೆ. ನಿಜ ಹೇಳಬೇಕೆಂದರೆ ಪ್ರಶ್ನೆ ಕೇಳುವುದು, ಉತ್ತರದ ಅಂಕಿಗೆ ಸುತ್ತು ಹಾಕುವುದು, ಕೆಳಗೆ ಸಹಿ ಮಾಡುವುದು, ಇಷ್ಟೇ. ಅಂಡಾಶಯದ ಕ್ಯಾನ್ಸರ್‌ಗೆ ಹೊಸದೊಂದು ಇಂಜೆಕ್ಷನ್ ಬಂದಿತ್ತು. ಹಳೆಯ ಔಷಧದ ಜೊತೆಗೆ ಅದನ್ನೂ ಕೊಟ್ಟರೆ ರೋಗ ಮರಳುವುದು ತಡವಾಗುತ್ತದೆಯೇ, ಮೈಗೆ ಏನೇನು ಕಾಟ ಕೊಡುತ್ತದೆ ಎಂದು ನೋಡಬೇಕಿತ್ತು. ಹಲವು ಆಸ್ಪತ್ರೆಗಳಲ್ಲಿ ಒಟ್ಟಿಗೇ ನಡೆಯುತ್ತಿದ್ದ ಪರೀಕ್ಷೆ ಅದು. ಇಲ್ಲಿ ನಲವತ್ತೊಂದು ಹೆಂಗಸರು ಒಪ್ಪಿ ಸಹಿ ಹಾಕಿದ್ದರು. ಮೂರು ವಾರಕ್ಕೊಮ್ಮೆ ಡ್ರಿಪ್ ಹಾಕಿಸಿಕೊಳ್ಳುವ ಮೊದಲು ಅವರೆಲ್ಲ ಸಕ್ಕರೆ ಅಕ್ಕನ ಎದುರು ಕೂತು ಇಪ್ಪತ್ತೆರಡು ಪ್ರಶ್ನೆಗಳಿಗೆ ಉತ್ತರ ಹೇಳಬೇಕಿತ್ತು.

ಲಿಫ್ಟಿಗೂ ಔಷಧದ ಸ್ಟೋರಿಗೂ ನಡುವೆ ಉಳಿದಿದ್ದ ಜಾಗವೇ ಅವಳ ಕೋಣೆ. ಕಿಟಕಿಯಿಲ್ಲ. ಎರಡು ಕುರ್ಚಿ, ಒಂದು ತೂಕದ ಯಂತ್ರ, ಕಬ್ಬಿಣದ ಬೀರುವಿನ ತುಂಬ ಫೈಲು. ಪ್ರಶ್ನೆಗಳನ್ನು ಯಾರೋ ದೊಡ್ಡವರು ಬರೆದಿದ್ದರು. ‘ಕಳೆದ ಏಳು ದಿನಗಳಲ್ಲಿ ನಿಮ್ಮ ಕೈ ಅಥವಾ ಕಾಲುಗಳಲ್ಲಿ ಮರಗಟ್ಟುವಿಕೆ ಅಥವಾ ಜೋಮು ಅತಿ ಹೆಚ್ಚೆಂದರೆ ಎಷ್ಟಿತ್ತು?’ ಸ್ವಲ್ಪವೂ ಇಲ್ಲವಾದರೆ ಸೊನ್ನೆ, ತಡೆಯಲಾರದಷ್ಟಿದ್ದರೆ ನಾಲ್ಕು. ಎರಡಕ್ಕೆ ಮುಟ್ಟಿದರೆ ಡಾಕ್ಟರು ಇಂಜೆಕ್ಷನ್ ಕಡಿಮೆ ಮಾಡಬೇಕು, ಇಲ್ಲದಿದ್ದರೆ ನರ ಕೆಟ್ಟು ಬೆರಳು ಶಾಶ್ವತವಾಗಿ ಮರಗಟ್ಟಿ ಹೋದೀತು. ಪ್ರಶ್ನೆಯನ್ನು ಇದ್ದದ್ದು ಇದ್ದ ಹಾಗೆ ಓದಿ ಎಂದು ತರಬೇತಿಯಲ್ಲಿ ಮೂರು ಸಲ ಹೇಳಿದ್ದರು. ಆದರೆ ಕೂದಲೆಲ್ಲ ಉದುರಿ, ತಲೆಗೆ ಬಟ್ಟೆ ಕಟ್ಟಿಕೊಂಡು ಬಂದು ಕೂತ ಹೆಂಗಸಿನ ಮುಂದೆ ಪೊಲೀಸಿನವರ ಹಾಗೆ ಅದನ್ನು ಓದುವುದು ಸಕ್ಕರೆ ಅಕ್ಕನ ಕೈಲಿ ಆಗದ ಮಾತು. ಅವಳು ಎದುರಿನವರ ಕೈ ಹಿಡಿದುಕೊಂಡು, ಮುಖದ ತುಂಬ ನಗುತ್ತ ಕೇಳುತ್ತಿದ್ದಳು.

“ಕೈಕಾಲೆಲ್ಲ ಚೆನ್ನಾಗಿದೆ ತಾನೇ ಅಕ್ಕ? ಜೋಮುಗೀಮು ಅಂತ ಏನಿಲ್ಲ ಅಲ್ವಾ?”

“ಏನಿಲ್ಲಮ್ಮ, ಚೆನ್ನಾಗಿದೆ.”

ಸೊನ್ನೆಗೆ ಸುತ್ತು ಬೀಳುತ್ತಿತ್ತು. ಕೇಳಿದವಳಿಗೆ ಹೊಟ್ಟೆಗೆ ಹಾಲು ಹುಯ್ದ ಹಾಗೆ, ಹೇಳಿದವಳಿಗೆ ಒಂದು ಒಳ್ಳೆಯ ಕೆಲಸ ಮಾಡಿದ ಹಾಗೆ.

ಹೀಗೆ ಎಂಟು ತಿಂಗಳು ನಡೆಯಿತು. ಬೇರೆ ಆಸ್ಪತ್ರೆಗಳಲ್ಲಿ ಹೆಂಗಸರು ಪರೀಕ್ಷೆಯನ್ನು ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದರು, ಇಲ್ಲಿ ಒಬ್ಬಳೂ ಬಿಡಲಿಲ್ಲ. ಬೇರೆ ಕಡೆ ಬೆರಳು ಮರಗಟ್ಟಿತು, ಅಂಗಾಲು ಉರಿಯಿತು ಎಂಬ ದೂರು ರಾಶಿರಾಶಿ, ಇಲ್ಲಿ ನಲವತ್ತೊಂದಕ್ಕೆ ನಲವತ್ತೊಂದೂ ಸೊನ್ನೆ. ಪರೀಕ್ಷೆ ನಡೆಸುತ್ತಿದ್ದ ಡಾಕ್ಟರಮ್ಮ ಬುದ್ಧಿವಂತೆ. ಬುದ್ಧಿವಂತರಿಗೆ ಕಾರಣ ಸಿಗದಿದ್ದರೆ ನಿದ್ದೆ ಬರುವುದಿಲ್ಲ, ಹುಡುಕಿ ಹುಡುಕಿ ಒಂದನ್ನು ತಂದೇ ತರುತ್ತಾರೆ. ನಮ್ಮ ಕಡೆಯ ಹೆಂಗಸರ ನರವೇ ಗಟ್ಟಿ ಇರಬಹುದು ಎಂದು ಆಕೆಗೆ ಹೊಳೆಯಿತು. ಅದನ್ನೇ ಮುಂದಿನ ತಿಂಗಳ ದೊಡ್ಡ ಸಮ್ಮೇಳನದಲ್ಲಿ ಹೇಳುವುದೆಂದೂ, ಯಾಕೆ ಗಟ್ಟಿ ಎಂದು ಇನ್ನೊಂದು ಸಂಶೋಧನೆ ಮಾಡುವುದೆಂದೂ ಆಯಿತು. ಸಕ್ಕರೆ ಅಕ್ಕನಿಗೆ ಮೇಲಿನವರಿಂದ ಒಂದು ಪ್ರಶಸ್ತಿಪತ್ರ ಬಂತು. ಅವಳು ಅದನ್ನು ಫ್ರೇಮು ಹಾಕಿಸಿ ತೂಕದ ಯಂತ್ರದ ಮೇಲೆ ನೇತುಹಾಕಿದಳು. ತೂಕ ನೋಡಿಕೊಳ್ಳಲು ಹತ್ತಿದವರೆಲ್ಲ ಅದನ್ನು ಓದಲೇಬೇಕು.

ಮನೆಯಲ್ಲೂ ಅವಳ ಗಂಡ ಇಪ್ಪತ್ತು ವರ್ಷದಿಂದ ಊಟಕ್ಕೆ ಕೂತಾಗಲೆಲ್ಲ “ಚೆನ್ನಾಗಿದೆ” ಎಂದೇ ಹೇಳುತ್ತ ಬಂದಿದ್ದ. ಉಪ್ಪು ಹಾಕುವುದು ಮರೆತ ದಿನವೂ ಹೇಳಿದ್ದ. ಆ ಮನೆಯಲ್ಲಿ ನಿಜ ಹೇಳುವ ಗುತ್ತಿಗೆಯನ್ನು ಅತ್ತೆಯೊಬ್ಬರೇ ಹಿಡಿದಿದ್ದರು. ಯಥಾರ್ಥವಾದಿ ಲೋಕವಿರೋಧಿ ಎನ್ನುತ್ತಾರಲ್ಲ, ಹಾಗಾಗಿ ಅವರ ಜೊತೆ ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ.

ನಲವತ್ತೊಂದರಲ್ಲಿ ಒಬ್ಬಳು ದರ್ಜಿ. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವವಳು, ಐವತ್ತರ ಆಸುಪಾಸು. ಮನೆಯಲ್ಲಿ ಅವಳು, ಅವಳ ತಂಗಿ, ಕಾಲಲ್ಲಿ ತುಳಿಯುವ ಒಂದು ಮೆಷಿನ್ನು. ಕಣ್ಣು ಮುಚ್ಚಿಕೊಂಡು ಕಾಲರ್ ಕೂರಿಸಬಲ್ಲೆ ಎಂದು ಹೇಳಿಕೊಳ್ಳುತ್ತಿದ್ದಳು, ಅದು ಬಡಾಯಿಯಲ್ಲ. ಒಂದು ಶುಕ್ರವಾರ ಅವಳು ಕಾಗದದಲ್ಲಿ ಸುತ್ತಿದ ಒಂದು ದಿಂಬಿನ ಗವಸು ತಂದು ಮೇಜಿನ ಮೇಲಿಟ್ಟಳು.

“ದಿನವಿಡೀ ಆ ಗಟ್ಟಿ ಕುರ್ಚಿ ಮೇಲೇ ಕೂತಿರ್ತೀರ. ದಿಂಬಿಗೆ ಹಾಕ್ಕೊಳ್ಳಿ ಅಂತ ಹೊಲಿದೆ.”

ಸಕ್ಕರೆ ಅಕ್ಕ ಬಿಡಿಸಿ ನೋಡಿದಳು. ಹೊಲಿಗೆ ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆಗೆ ಹೋಗಿತ್ತು. ಅದು ಅವಳ ಕಣ್ಣಿಗೆ ಬೀಳದೆ ಇರಲಿಲ್ಲ.

“ಅಯ್ಯೋ, ಎಷ್ಟು ಚೆನ್ನಾಗಿದೆ ಅಕ್ಕ!” ಎಂದಳು.

ಆಮೇಲೆ ಕೈಕಾಲು ಚೆನ್ನಾಗಿದೆ ತಾನೇ ಎಂದು ಕೇಳಿದಳು. ಚೆನ್ನಾಗಿದೆ ಎಂದು ಉತ್ತರ ಬಂತು. ಇಬ್ಬರದೂ ಲೆಕ್ಕ ಚುಕ್ತಾ.

ಭಾನುವಾರ ಮಧ್ಯಾಹ್ನ ಅತ್ತೆ ಕನ್ನಡಕ ಏರಿಸಿಕೊಂಡು, ಮನೆಗೆ ತಂದಿದ್ದ ಆ ಗವಸನ್ನು ಬೆಳಕಿಗೆ ಹಿಡಿದರು.

“ಯಾರೇ ಇದನ್ನ ಹೊಲಿದಿದ್ದು?”

“ನಮ್ಮಲ್ಲಿಗೆ ಬರ್ತಾರಲ್ಲ ಅತ್ತೆ, ಆ ದರ್ಜಿ ಅಕ್ಕ. ಮೂವತ್ತು ವರ್ಷದಿಂದ ಹೊಲೀತಿದ್ದಾರೆ. ಪ್ರೀತಿಯಿಂದ ಕೊಟ್ಟಿದ್ದು.”

“ಪ್ರೀತಿ ಇರ್ಲಿ. ಮೂವತ್ತು ವರ್ಷ ಹೊಲಿದವಳಂತೀಯ. ಇರೋದು ಮೂರು ನೇರ ಹೊಲಿಗೆ, ಮೂರೂ ಸೊಟ್ಟ. ಇಲ್ಲಿ ನೋಡು, ಮೂಲೇಲಿ ರಕ್ತದ ಕಲೆ. ಒಂದಲ್ಲ, ಐದಾರು ಸಲ ಚುಚ್ಚಿಕೊಂಡಿದ್ದಾಳೆ. ಒಂದು ಸಲ ಚುಚ್ಚಿದ್ರೆ ಯಾರಾದ್ರೂ ಕೈ ಹಿಂದಕ್ಕೆ ತಗೊಳಲ್ವೇನೇ? ಆ ಹೆಂಗಸಿಗೆ ಚುಚ್ಚಿದ್ದೇ ಗೊತ್ತಾಗ್ತಿಲ್ಲ.”

ಸಕ್ಕರೆ ಅಕ್ಕ ಗವಸನ್ನು ಕೈಗೆ ತೆಗೆದುಕೊಂಡಳು. ಎಂಟು ತಿಂಗಳು ಮೂರು ವಾರಕ್ಕೊಮ್ಮೆ ಆ ಕೈಯನ್ನು ಹಿಡಿದುಕೊಂಡು ಕೂತಿದ್ದಳು. ಹಿಡಿದದ್ದು ಆ ಕೈಗೆ ತಿಳಿದೇ ಇರಲಿಲ್ಲವೇನೋ.

ಸೋಮವಾರ ಬೆಳಿಗ್ಗೆ ದರ್ಜಿಯ ಮನೆಗೆ ಫೋನು ಮಾಡಿದಳು. ತಂಗಿ ಎತ್ತಿಕೊಂಡಳು.

“ಅಕ್ಕನ ಕೈ ಹೇಗಿದೆ, ನಿಜ ಹೇಳು.”

ತಂಗಿ ದನಿ ತಗ್ಗಿಸಿ ಹೇಳಿದಳು. “ಎರಡು ತಿಂಗಳಿಂದ ಗುಂಡಿ ಹಾಕ್ಕೊಳ್ಳೋಕೂ ನನ್ನನ್ನೇ ಕರೀತಾಳೆ. ಸೂಜಿಗೆ ದಾರ ನಾನೇ ಪೋಣಿಸಿ ಕೊಡ್ತೀನಿ. ನಿಮಗೆ ಹೇಳಬೇಡ ಅಂದಿದ್ದಾಳೆ. ಹೇಳಿದ್ರೆ ನಿಮಗೆ ಬೇಜಾರಾಗುತ್ತಂತೆ.”

ಸಕ್ಕರೆ ಅಕ್ಕ ಬಾಗಿಲು ಹಾಕಿಕೊಂಡು ಫೈಲುಗಳನ್ನೆಲ್ಲ ಕೆಳಗಿಳಿಸಿದಳು. ಎಲ್ಲಿ ತೆರೆದರೂ ಅವಳದೇ ಅಕ್ಷರ, ಅವಳದೇ ದುಂಡನೆಯ ಸೊನ್ನೆ. ಒಬ್ಬಳು ದರ್ಜಿಯಾದ್ದರಿಂದ ಬಟ್ಟೆ ಸಾಕ್ಷಿ ಹೇಳಿತು. ಉಳಿದ ನಲವತ್ತು ಜನ ಏನೇನು ನುಂಗಿಕೊಂಡಿದ್ದಾರೋ! ಸುಳ್ಳು ಹೇಳಬಾರದು, ದರ್ಜಿಯ ಫೈಲೊಂದನ್ನೇ ತಿದ್ದಿ ಸುಮ್ಮನಾದರಾಗದೇ ಎಂಬ ಆಸೆ ಅವಳಿಗೂ ಹುಟ್ಟಿತು. ಪ್ರಶಸ್ತಿಪತ್ರ ಗೋಡೆಯ ಮೇಲೇ ಇರುತ್ತದೆ, ಡಾಕ್ಟರಮ್ಮ ಸಮ್ಮೇಳನಕ್ಕೆ ಹೋಗಿ ಬರುತ್ತಾರೆ, ಯಾರ ಗಂಟೇನು ಹೋಗುತ್ತದೆ? ನಲವತ್ತು ಜನರ ಬೆರಳು ಹೋಗುತ್ತದೆ. ಇಷ್ಟು ಯೋಚಿಸಿದವಳೇ ಫೈಲುಗಳನ್ನು ಎದೆಗವಚಿಕೊಂಡು ಡಾಕ್ಟರಮ್ಮನ ಕೋಣೆಗೆ ನಡೆದಳು.

ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ಸಮ್ಮೇಳನದ ಸ್ಲೈಡುಗಳನ್ನು ಜೋಡಿಸುತ್ತಿದ್ದರು. ಪರದೆಯ ಮೇಲಿನ ನಕ್ಷೆಯಲ್ಲಿ ಬೇರೆ ಆಸ್ಪತ್ರೆಗಳ ಜೋಮಿನ ಕಂಬಗಳು ಮಹಡಿಯೆತ್ತರ ನಿಂತಿದ್ದವು. ಇವರದು ನೆಲಕ್ಕಂಟಿದ ಒಂದು ಗೆರೆ.

“ಮೇಡಂ, ಆ ಸೊನ್ನೆಗಳು ಸೊನ್ನೆ ಅಲ್ಲ.”

“ಮತ್ತೇನು?”

“ಅವರಿಗೆ ನನ್ನ ಮೇಲಿರೋ ಪ್ರೀತಿ, ಮೇಡಂ.”

ಕೂತು ಎಲ್ಲವನ್ನೂ ಹೇಳಿದಳು. ಹೇಗೆ ಕೇಳುತ್ತಿದ್ದೆ ಎಂದು ಕೇಳಿಯೂ ತೋರಿಸಿದಳು. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅಂದ್ರೆ ನಮ್ಮ ಹೆಂಗಸರ ನರ ಗಟ್ಟಿ ಅಲ್ಲ?”

“ನಾಲಿಗೆ ಗಟ್ಟಿ, ಮೇಡಂ. ಕಚ್ಚಿಕೊಂಡು ಕೂತಿದ್ದಾರೆ.”

ಆಕೆ ಬೈಯುತ್ತಾರೆಂದು ಸಕ್ಕರೆ ಅಕ್ಕ ತಲೆ ತಗ್ಗಿಸಿದ್ದಳು. ಡಾಕ್ಟರಮ್ಮ ಬೈಯಲಿಲ್ಲ. ಆ ಗೆರೆಯನ್ನೇ ಬಹಳ ಹೊತ್ತು ನೋಡಿ, “ನಂಗೂ ಅನುಮಾನ ಬರಬೇಕಿತ್ತು. ಬೇಡ ಅನ್ನಿಸಿತು” ಎಂದರು. ಹಾಗೆ ಒಪ್ಪಿಕೊಳ್ಳುವ ದೊಡ್ಡವರು ಎಷ್ಟು ಜನ ಸಿಗುತ್ತಾರೆ? ಅದೇ ದಿನ ಪರೀಕ್ಷೆಯ ಮೇಲೆ ಕಣ್ಣಿಟ್ಟಿರುವ ಸಮಿತಿಗೆ ಕಾಗದ ಹೋಯಿತು, ಸಮ್ಮೇಳನದ ಭಾಷಣ ರದ್ದಾಯಿತು. ನಲವತ್ತೊಂದು ಜನರನ್ನೂ ಆ ವಾರವೇ ಕರೆಸಿ ಮತ್ತೆ ಕೇಳಬೇಕೆಂದು ತೀರ್ಮಾನವಾಯಿತು. ಕೇಳುವವರು ಯಾರು? ಸಕ್ಕರೆ ಅಕ್ಕನೇ ಒಂದು ಹೆಸರು ಹೇಳಿದಳು.

ದಾಖಲೆ ವಿಭಾಗದಲ್ಲಿ ಒಬ್ಬ ಗುಮಾಸ್ತೆ ಇದ್ದಳು, ಸಿಡಿಮದ್ದು ಎಂದೇ ಪ್ರಸಿದ್ಧಿ. ಅವಳ ಕಿಟಕಿಯ ಮುಂದೆ ನಿಂತವರು ದೇಹದ ಕಾಯಿಲೆ ಮರೆತು ಅವಳನ್ನೇ ಶಪಿಸುತ್ತಿದ್ದರು. ಅವಳು ಬಂದು ಕೂತು, ತಲೆಯೆತ್ತದೆ, ಕಾಗದದಲ್ಲಿದ್ದದ್ದನ್ನು ಕಡ್ಡಿ ಮುರಿದ ಹಾಗೆ ಓದಿದಳು.

“ಕಳೆದ ಏಳು ದಿನಗಳಲ್ಲಿ ನಿಮ್ಮ ಕೈ ಅಥವಾ ಕಾಲುಗಳಲ್ಲಿ ಮರಗಟ್ಟುವಿಕೆ ಅಥವಾ ಜೋಮು ಅತಿ ಹೆಚ್ಚೆಂದರೆ ಎಷ್ಟಿತ್ತು? ಬೇಗ ಹೇಳಿ, ಹಿಂದೆ ಜನ ಇದ್ದಾರೆ.”

“ಎಷ್ಟಿತ್ತು ಅಂತ ಕೇಳ್ತೀಯಾ? ಚಪ್ಪಲಿ ಕಾಲಿಂದ ಬಿದ್ದು ಹೋದ್ರೂ ಗೊತ್ತಾಗದೆ ಅರ್ಧ ಬೀದಿ ನಡ್ಕೊಂಡು ಬಂದಿದ್ದೀನಿ. ಬರ್ಕೊ!”

ಕಟ್ಟೆ ಒಡೆಯಿತು. ಸಿಡಿಮದ್ದಿನ ಮನಸ್ಸು ನೋಯಿಸಲು ಯಾರಿಗೂ ಅಂಜಿಕೆಯಿರಲಿಲ್ಲ, ನೋಯಿಸಿದರೆ ಒಂದಿಷ್ಟು ತೃಪ್ತಿಯೇ. ನಲವತ್ತೊಂದರಲ್ಲಿ ಇಪ್ಪತ್ತೇಳು ಜನರ ಬೆರಳಿಗೆ ಜೋಮು. ಅವರಲ್ಲಿ ಹನ್ನೊಂದು ಜನರ ಇಂಜೆಕ್ಷನ್ ಆಗಲೇ ಇಳಿಸಬೇಕಿತ್ತು, ಈಗ ಇಳಿಸಿದರು. ದರ್ಜಿಗೆ ಮೂರು ಬಂದದ್ದರಿಂದ ಅವಳದನ್ನು ಪೂರ್ತಿ ನಿಲ್ಲಿಸಿದರು. ಎಂಟು ತಿಂಗಳು ಮಮತೆಯಿಂದ ಹೊರಡದ ನಿಜವನ್ನು ಸಿಡಿಮದ್ದು ನಾಲ್ಕು ದಿನದಲ್ಲಿ, ಅದೂ ಊಟದ ವಿರಾಮ ತಪ್ಪಿಸದೆ, ಹೊರಡಿಸಿದಳು. ಮೇಲಿನವರು ಅವಳಿಗೆ ಪ್ರಶಸ್ತಿಪತ್ರವೇನೂ ಕಳಿಸಲಿಲ್ಲ.

ಸಕ್ಕರೆ ಅಕ್ಕನ ಕೆಲಸ ಉಳಿಯಿತು, ಪ್ರಶ್ನೆ ಕೇಳುವುದು ಹೋಯಿತು. ಈಗ ಅವಳದು ಹೆಂಗಸರನ್ನು ಕೋಣೆಯಿಂದ ಕೋಣೆಗೆ ಕರೆದುಕೊಂಡು ಹೋಗುವ ಕೆಲಸ. ದರ್ಜಿಯ ಕೈಯನ್ನು ನರದ ಡಾಕ್ಟರು ನೋಡಿದ ದಿನ ಅವಳೇ ಜೊತೆಗಿದ್ದಳು. ಎಡಗೈ ಒಂದು ವರ್ಷದಲ್ಲಿ ಸರಿಹೋಗಬಹುದು, ಬಲಗೈಯ ಹೆಬ್ಬೆರಳು, ತೋರುಬೆರಳು ಹೇಳಲಾಗದು, ಎರಡು ತಿಂಗಳು ಮೊದಲೇ ತಿಳಿದಿದ್ದರೆ ಮಾತು ಬೇರೆ ಇತ್ತು ಎಂದರು ಅವರು. ಇಬ್ಬರೂ ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತರು.

“ಯಾಕೆ ಅಕ್ಕ ಹೇಳಲಿಲ್ಲ? ನಿಮ್ಮ ಅನ್ನ ಇದ್ದದ್ದೇ ಆ ಬೆರಳಲ್ಲಿ.”

ದರ್ಜಿ ತನ್ನ ಬಲಗೈಯನ್ನು ಬೇರೆ ಯಾರದೋ ವಸ್ತುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡಿದ್ದಳು.

“ಈ ಕಾಯಿಲೆ ಬಂದಮೇಲೆ ನನ್ನ ನೋಡಿದವರ ಮುಖ ಎಲ್ಲ ಬಾಡಿಹೋಗುತ್ತೆ. ತಂಗೀದೂ ಅಷ್ಟೇ. ನಾನು ಬಂದೆ ಅಂತ ಅರಳ್ತಾ ಇದ್ದಿದ್ದು ನಿಮ್ಮ ಮುಖ ಒಂದೇ. ನೋವು ಅಂದ್ರೆ ಅದೂ ಬಾಡುತ್ತಲ್ಲ. ಇಷ್ಟಕ್ಕೂ, ಬೆರಳು ಎಲ್ಲಿ ಹೋಗುತ್ತೆ, ಆಮೇಲೆ ಸರಿಹೋಗುತ್ತೆ ಅಂದ್ಕೊಂಡೆ.”

ಸಕ್ಕರೆ ಅಕ್ಕನಿಗೆ ಅಳು ಬಂತು. ಆಸ್ಪತ್ರೆಯಲ್ಲಿ ಹದಿನಾರು ವರ್ಷ ದುಡಿದವಳು, ಕಾರಿಡಾರಿನ ನಡುವೆ, ಓಡಾಡುವವರ ಎದುರು, ಬಿಕ್ಕಿ ಬಿಕ್ಕಿ ಅತ್ತಳು. ದರ್ಜಿ ಮೊಣಕೈಯಿಂದ ಅವಳ ಪಕ್ಕೆಗೆ ತಿವಿದಳು.

“ಸಾಕು, ನಿಲ್ಲಿಸಮ್ಮ. ನೀನು ಹೀಗೆ ಅಳ್ತಾ ಕೂತ್ರೆ ನಾನು ಮತ್ತೆ ಚೆನ್ನಾಗಿದ್ದೀನಿ ಅಂತ ಹೇಳಬೇಕಾಗುತ್ತೆ.”