ಹನ್ನೆರಡರ ಜಲಜ

ಮರವಂತೆಯ ಹೆದ್ದಾರಿ ಬದಿಯಲ್ಲಿ ಮೀನು ಮಾರುವ ಹನ್ನೊಂದು ಹೆಂಗಸರಲ್ಲಿ ಜಲಜಳಷ್ಟು ಬಾಯಿ ಜೋರಿನವಳು ಇನ್ನೊಬ್ಬಳಿರಲಿಲ್ಲ. ಬಾಯಿ ಜೋರಿದ್ದರೇನು, ಕೂರುವುದು ಮಾತ್ರ ಪ್ರತಿ ವರ್ಷವೂ ಬಿಸಿಲಲ್ಲೇ. ತಗಡಿನ ಮಾಡು ಇದ್ದದ್ದು ಬಸ್ಸು ನಿಲ್ಲುವ ಕಡೆಯ ಐದಾರು ಜಾಗಕ್ಕೆ. ಉಳಿದವರ ಬಂಗುಡೆ ಮಧ್ಯಾಹ್ನದೊಳಗೆ ಬಾಡಿ, ಕೇಳಿದ ಬೆಲೆಗೆ ಹೋಗುತ್ತಿತ್ತು.

ಜಾಗ ಹಂಚುವುದಕ್ಕೆ ದಾಳವೇ ಆಗಬೇಕು. ಮಳೆಗಾಲ ಕಳೆದು ದೋಣಿ ಇಳಿಯುವ ದಿನ, ಯಜಮಾನಿಕೆಯ ಬಚ್ಚಣ್ಣ ಎರಡು ದಾಳ ಉರುಳಿಸುತ್ತಿದ್ದ. ಎರಡರಿಂದ ಹನ್ನೆರಡರವರೆಗೆ ಹನ್ನೊಂದು ಮೊತ್ತ. ಒಬ್ಬೊಬ್ಬ ಹೆಂಗಸಿಗೆ ಒಂದೊಂದು ನಂಬ್ರ. ಯಾರ ನಂಬ್ರ ಮೊದಲು ಬಿತ್ತೋ ಅವರಿಗೆ ಮಾಡಿನಡಿಯ ಮೊದಲ ಜಾಗ, ಆಮೇಲೆ ಬಿದ್ದವರಿಗೆ ಸಾಲಾಗಿ ಮುಂದಿನದು. ಇದಕ್ಕಿಂತ ನ್ಯಾಯ ಬೇರೆ ಉಂಟೇ? ಏಳು ಬಚ್ಚಣ್ಣನ ಹೆಂಡತಿ ಪ್ರಭಾವತಿಯದು. ಹನ್ನೆರಡು ಜಲಜಳಿಗೆ ಅತ್ತೆಯ ಬುಟ್ಟಿಯ ಜೊತೆಗೇ ಬಂದದ್ದು. ಎರಡು ಕುಸುಮಾವತಿಯದು, ಅವಳೂ ಪಕ್ಕದ ಬಿಸಿಲಿನವಳೇ. "ನಮ್ಮ್ ಹಣೆಬರ ಮಾರಾಯ್ತಿ" ಎನ್ನುವುದು ಅವಳ ಅಭ್ಯಾಸ. ಆ ಮಾತು ಕೇಳಿದರೆ ಜಲಜಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಎರಡು ಸಾವಿರದ ನಾಲ್ಕರ ಮಳೆಗಾಲದಲ್ಲಿ ಅವಳು ಲೂಡೋ ಡಬ್ಬಿಯ ದಾಳಗಳನ್ನು ಹಿಡಿದು ಜಗಲಿಯಲ್ಲಿ ಕೂತಳು. ನೆಲದ ಮೇಲೆ ಸೀಮೆಸುಣ್ಣದಿಂದ ಹನ್ನೊಂದು ಮನೆ ಬರೆದು, ಬಿದ್ದ ಮೊತ್ತದ ಮನೆಗೆ ಒಂದೊಂದು ಹುಣಸೆಬೀಜ ಇಡುತ್ತ ಹೋದಳು. ಏಳರ ಮನೆ ತುಂಬಿ ಚೆಲ್ಲಿತು. ಎರಡರದ್ದೂ ಹನ್ನೆರಡರದ್ದೂ ಬಣಬಣ. ಯೋಚಿಸಿದಳು. ಮೊದಲ ದಾಳದಲ್ಲಿ ಏನೇ ಬೀಳಲಿ, ಏಳು ಮಾಡಲು ಎರಡನೆಯದಕ್ಕೆ ದಾರಿ ಉಂಟು: ಒಂದಕ್ಕೆ ಆರು, ಎರಡಕ್ಕೆ ಐದು, ಮೂರಕ್ಕೆ ನಾಲ್ಕು, ತಿರುಗಿಸಿದರೂ ಹಾಗೆಯೇ. ಹನ್ನೆರಡಕ್ಕಾದರೆ ಆರರ ಜೊತೆ ಆರೇ ಬೀಳಬೇಕು. ಎರಡು ದಾಳ ಬೀಳುವ ಮೂವತ್ತಾರು ಬಗೆಯಲ್ಲಿ ಏಳಕ್ಕೆ ಆರು, ಹನ್ನೆರಡಕ್ಕೆ ಒಂದೇ ಒಂದು. ಹಣೆಬರಹವಂತೆ, ಹಣೆಬರಹ!

ದಾಳ ಹಾಕುವ ದಿನ ಜಲಜ ಬಚ್ಚಣ್ಣನಿಗೆ ಅಡ್ಡ ನಿಂತಳು.

"ಹ್ವಾಯ್ ಬಚ್ಚಣ್ಣ, ಎಲ್ಲಾ ನಂಬ್ರವೂ ಒಂದೇ ಅಲ್ದಾ?"

"ಒಂದೇ ಮಾರಾಯ್ತಿ. ಬೀಳ್ಸುದ್ ದೇವ್ರ್."

"ಹಂಗಾರೆ ಪ್ರಭಾವತಕ್ಕನ ಏಳ್ ನಂಗ್ ಕೊಡಿ. ನನ್ನ್ ಹನ್ನೆರ್ಡ್ ಅವ್ರಿಗಿರ್ಲಿ."

ಬಚ್ಚಣ್ಣ ಬಾಯಿ ತೆರೆಯುವ ಮೊದಲೇ ಪ್ರಭಾವತಿ, "ಅದೆಲ್ಲ ಆತಿಲ್ಲ!" ಎಂದು ಕೂಗಿದಳು.

"ಎಂತಕೆ ಆತಿಲ್ಲ? ಒಂದೇ ಅಲ್ದಾ?"

ಬಚ್ಚಣ್ಣ ದಾಳಗಳನ್ನು ನೆಲಕ್ಕಿಟ್ಟು ಹೆಂಡತಿಯ ಕಡೆ ತಿರುಗಿದ. ಉಳಿದ ಹೆಂಗಸರು ಮುಖ ಮುಖ ನೋಡಿಕೊಂಡರು. ಜಲಜ ದಾಳಗಳನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಇನ್ನ್ ಚೀಟಿ ಎತ್ತುವ" ಎಂದಳು. "ಹೌದ್, ಚೀಟಿಯೇ" ಎಂದು ಮೊದಲು ದನಿಗೂಡಿಸಿದವಳು, ಬಚ್ಚಣ್ಣನೆದುರು ಎಂದೂ ಬಾಯಿ ಬಿಡದ ಕುಸುಮಾವತಿ.

ಚೀಟಿಯಲ್ಲಿ ಕುಸುಮಾವತಿಗೆ ಎರಡನೆಯ ಜಾಗ ಬಂತು. ಜಲಜಳಿಗೆ ಹತ್ತನೆಯದು.

ಕುಸುಮಾವತಿಗೆ ಕಣ್ಣಲ್ಲಿ ನೀರೇ ಬಂತು. "ಇಷ್ಟೆಲ್ಲ ಮಾಡಿ ನಿಂಗೆ ಬಿಸ್ಲೇ ಬಂತಲೆ! ನಿನ್ನ್ ಹಣೆ..."

"ಬಿಸ್ಲ್ ಬಂದದ್ದ್ ಹೌದ್. ಬಪ್ಪ ವರ್ಷ ಮತ್ತೆ ಎತ್ತುವ." ಜಲಜ ಬುಟ್ಟಿಯನ್ನು ಸುಡುವ ನೆಲಕ್ಕೆ ಇಳಿಸಿ ಬಂಗುಡೆಗೆ ನೀರು ಚಿಮುಕಿಸಿದಳು. "ಹಣೆಬರ ಅಂದ್ರೆ ಮಾತ್ರ ಈ ನೀರ್ ನಿನ್ನ್ ತಲಿ ಮೇಲೆ ಹೊಯ್ತೆ, ಕಾಣ್!"