ಎದ್ದರೆ ಕಪ್ಪಾಗುವ ಪರದೆ

ಮಧುಗಿರಿಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಶಿರಾ, ಕೊರಟಗೆರೆ, ಪಾವಗಡ ಎಲ್ಲಿ ಯಾರ ಸ್ಕ್ರೀನ್ ಆರಿದರೂ ನನಗೆ ಫೋನ್ ಬರುತ್ತದೆ. ಫೋನಿನಲ್ಲೇ ಅರ್ಧ ಕಾಯಿಲೆ ಹೇಳಿಬಿಡುತ್ತೇನೆ ಎಂಬ ಜಂಬ ನನಗಿತ್ತು. ‘ಗೊತ್ತಿಲ್ಲ’ ಎಂಬ ಮಾತು ನನ್ನ ಬಾಯಿಂದ ಬರುವುದು ಅಪರೂಪ. ಒಂದು ದಿನ ಆ ಮಾತು ಹೇಳಲಾರದೆ ಒಬ್ಬ ಹೆಣ್ಣುಮಗಳ ತಲೆಗೆ ಅಪವಾದ ಕಟ್ಟಿದೆ. ಅದನ್ನು ಬರೆಯಲು ಕೂತರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಕೊರಟಗೆರೆಯ ಒಂದು ಫೋಟೋ ಸ್ಟುಡಿಯೋದ ಮಾಲೀಕರು ಮದುವೆ ಆಲ್ಬಂ ಕೆಲಸಕ್ಕೆಂದು ನನ್ನ ಮೂಲಕ ದೊಡ್ಡದೊಂದು ಫೋರ್‌ಕೆ ಮಾನಿಟರ್ ತರಿಸಿದರು. ಮದುಮಗಳ ಸೀರೆಯ ಜರಿ ಎಳೆ ಎಳೆಯಾಗಿ ಕಾಣುವಂಥದ್ದು. ಅದೇ ವಾರ ಗಾಲಿಯ ಹೊಸ ಕುರ್ಚಿ ಬಂತು. ಅದೇ ವಾರ ಆಲ್ಬಂ ಡಿಸೈನ್ ಮಾಡಲು ಹೊಳವನಹಳ್ಳಿಯಿಂದ ಒಬ್ಬಾಕೆ ಕೆಲಸಕ್ಕೆ ಸೇರಿದಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಕೈ ಚುರುಕು. ಗುಂಪಿನ ಫೋಟೋದಲ್ಲಿ ಕಣ್ಣು ಮುಚ್ಚಿದ ಅಜ್ಜನಿಗೆ ಇನ್ನೊಂದು ಫೋಟೋದಿಂದ ಕಣ್ಣು ತಂದು ಕೂರಿಸುತ್ತಿದ್ದಳು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

ವಾಸ್ತು ಹೇಳುವವರು ಬಂದು, ಡಿಸೈನ್ ಮಾಡುವವರು ಪೂರ್ವಕ್ಕೇ ಮುಖ ಮಾಡಿ ಕೂರಬೇಕು ಎಂದರು. ಮೇಜು ಆಚೆ ಗೋಡೆಗೆ ಹೋಯಿತು. ಸಿಪಿಯು ಮಾತ್ರ ಈಚೆ ಯುಪಿಎಸ್ ಪಕ್ಕದಲ್ಲೇ ಉಳಿಯಿತು. ಕೇಬಲ್ ಎಟುಕಲಿಲ್ಲ. ನಾನು ಬ್ಯಾಗಿನಲ್ಲಿದ್ದ ಹಳೆಯ ಕೇಬಲ್ಲೊಂದನ್ನು ತೆಗೆದು, ಎರಡರ ನಡುವೆ ಬೆರಳುದ್ದದ ಜಾಯಿನರ್ ಸಿಕ್ಕಿಸಿ, ಕುರ್ಚಿಯ ಹಿಂದೆ ನೆಲದ ಮೇಲೆ ಹಾಯಿಸಿ ಚಿತ್ರ ಬರಿಸಿದೆ. ಇಷ್ಟು ದೊಡ್ಡ ಚಿತ್ರವನ್ನು ಇಂಥ ಜೋಡಣೆ ಹೊರಲಾರದು ಎಂಬ ಅನುಮಾನ ಬಂದಿತ್ತು. ‘ಏನೂ ಆಗಲ್ಲ’ ಎಂದು ಮಾಲೀಕರಿಗೂ ನನಗೂ ಹೇಳಿಕೊಂಡು ಬಸ್ ಹತ್ತಿದೆ.

ಹತ್ತು ದಿನಕ್ಕೆ ಫೋನ್ ಬಂತು. ಪರದೆ ಇದ್ದಕ್ಕಿದ್ದಂತೆ ಕಪ್ಪಾಗುತ್ತದೆ, ಎರಡು ಮೂರು ಸೆಕೆಂಡಿಗೆ ಮತ್ತೆ ಬರುತ್ತದೆ. ಹೋದೆ. ಡ್ರೈವರ್ ಬದಲಿಸಿದೆ, ಅಡಾಪ್ಟರ್ ಬದಲಿಸಿದೆ, ಪಿನ್ನುಗಳನ್ನು ಕಿತ್ತು, ಊದಿ, ಒರೆಸಿ ಮತ್ತೆ ಹಾಕಿದೆ. ನಾನು ಮೇಜಿನ ಮುಂದೆ ಬಗ್ಗಿ ನಿಂತಷ್ಟು ಹೊತ್ತೂ ಚಿತ್ರ ಅಲುಗಲಿಲ್ಲ. ಆಕೆ ಬಂದು ಕೂತು ಕೆಲಸ ಮಾಡಿದಳು, ಏನೂ ಆಗಲಿಲ್ಲ. ನೀರು ಕುಡಿಯಲು ಎದ್ದಳು, ಫಕ್ಕನೆ ಕಪ್ಪಾಯಿತು.

ಮಾಲೀಕರು ಬಾಗಿಲ ಬಳಿ ತಮ್ಮ ಮರದ ಕುರ್ಚಿಯಲ್ಲಿದ್ದರು. ಭಾರಿ ಆಳು, ಗಾಲಿ ಜಾರೀತೆಂದು ಹೊಸ ಕುರ್ಚಿಯಲ್ಲಿ ಒಮ್ಮೆಯೂ ಕೂತವರಲ್ಲ. ‘ನೋಡ್ದ್ರಾ? ಈಯಮ್ಮ ಎದ್ರೆ ಹೋಗ್ತೈತೆ. ಬಂದಾಗ್ಲಿಂದ ಇದೇ ಕತೆ. ಕಾಲ್ಗುಣ ಕಣ್ರೀ, ಕಾಲ್ಗುಣ’ ಎಂದರು.

ಆಕೆಯ ಮುಖ ಚಿಕ್ಕದಾಯಿತು. ಆದರೂ ನನ್ನ ಕಡೆ ತಿರುಗಿ, ‘ಅಣ್ಣ, ರೆಸಲ್ಯೂಷನ್ ಕಮ್ಮಿ ಮಾಡ್ಕಂಡ್ರೆ ಎದ್ರೂ ಹೋಗಲ್ಲ, ನಾನು ನೋಡಿವ್ನಿ. ನೀವೂ ಒಂದ್ಸಲ ಈ ಕುರ್ಚೀಲಿ ಕೂತು ಎದ್ದು ನೋಡ್ಬುಡಿ’ ಎಂದಳು.

ಅದಕ್ಕಿಂತ ಸರಿಯಾದ ಮಾತು ಆವತ್ತು ಆ ಕೋಣೆಯಲ್ಲಿ ಯಾರೂ ಆಡಲಿಲ್ಲ. ನನಗೆ ಮಾತ್ರ ಪಿತ್ತ ನೆತ್ತಿಗೇರಿತು. ಇಷ್ಟು ವರ್ಷ ಸ್ಕ್ರೂಡ್ರೈವರ್ ಹಿಡಿದವನಿಗೆ ಕೂತು ಏಳುವ ಪಾಠವೇ? ‘ನೀನು ಫೋಟೋ ನೋಡ್ಕಳಮ್ಮ, ವೈರ್ ನಾನ್ ನೋಡ್ಕಂತೀನಿ’ ಎಂದೆ.

‘ಹಂಗಾದ್ರೆ ನಿಮ್ ಕಡೆ ಏನಾದ್ರೂ ದೋಷ ಐತಾ? ಬಿಡಿಸಿ ಹೇಳ್ಬುಡಿ’ ಎಂದರು ಮಾಲೀಕರು.

ನೆಲದ ಮೇಲಿದ್ದ ಜಾಯಿನರ್ ನನ್ನ ಕಣ್ಣಿಗೆ ಬಿತ್ತು. ಬಿದ್ದರೂ, ‘ನನ್ ಕಡೆ ಎಲ್ಲಾ ಸರಿ ಐತೆ. ಇವ್ರು ಎದ್ದಾಗ್ಲೇ ಹೋಗಿದ್ದು ನಾನೂ ಕಣ್ಣಾರೆ ನೋಡ್ದೆ’ ಎಂದೆ. ಕಾಲ್ಗುಣ ಗೀಲ್ಗುಣ ನಾನು ನಂಬುವವನಲ್ಲ. ನಂಬದೆಯೇ ಸಾಕ್ಷಿ ಹೇಳಿದೆ.

ಆ ವಾರವೇ ನಾನು ಶಿರಾದಲ್ಲಿ ಒಂದು ಝೆರಾಕ್ಸ್ ಅಂಗಡಿಯ ಕೆಲಸದಲ್ಲಿದ್ದಾಗ ಮಾಲೀಕರು ಫೋನ್ ಮಾಡಿದರು. ‘ಆಯಮ್ಮನ್ನ ಕಳಿಸ್ಬುಟ್ಟೆ ಕಣ್ರೀ. ನೀವೂ ನೋಡಿದ್ರಲ್ಲ’ ಎಂದರು. ನಾನು ‘ಹೂಂ’ ಎಂದೆ. ಆಮೇಲೆ ಅಂಗಡಿಯವರು ಕೊಟ್ಟ ಟೀ ಕುಡಿದು ಪ್ರಿಂಟರ್ ಬಿಚ್ಚಿದೆ.

ಎರಡು ತಿಂಗಳ ಮೇಲೆ ಪಾವಗಡದ ಆಚೆ, ಬಲಸಮುದ್ರದ ಹತ್ತಿರದ ಒಂದು ಸಣ್ಣ ಆಫೀಸಿಗೆ ಹೋಗಬೇಕಾಯಿತು. ಸುತ್ತ ಸೋಲಾರ್ ಹಲಗೆಗಳ ಸಾಲು, ನಡುವೆ ಒಂದು ಕೋಣೆ, ಅದರಲ್ಲಿ ಒಬ್ಬ ಆಪರೇಟರ್. ನನ್ನನ್ನು ಕಂಡು ಆತ ಗಾಲಿಯ ಕುರ್ಚಿಯಿಂದ ಎದ್ದ. ಎದ್ದ ಕೂಡಲೇ ಅವನ ಪರದೆ ಕಪ್ಪಾಗಿ ಮತ್ತೆ ಬಂತು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

‘ಏಂ ಲೇದು ಅಣ್ಣಾ, ಏನೂ ಆಗಿಲ್ಲ, ಗಾಬರಿ ಬೀಳ್ಬ್ಯಾಡ್ರಿ’ ಎಂದು ಆತ ನಕ್ಕ. ‘ಈ ಕುರ್ಚಿ ಕೆಳಗೆ ಗ್ಯಾಸಿನ ಕೊಳವೆ ಐತಲ್ಲ, ಎದ್ದಾಗ ಅದ್ರಿಂದ ಸಣ್ಣ ಕರೆಂಟ್ ಹೊಡೀತದಂತೆ. ಕೇಬಲ್ ಕಚಡಾ ಇದ್ರೆ ತಡ್ಕಳಲ್ಲ. ಹೊಸಾದು ತರ್ಸಿವ್ನಿ, ನೀವೇ ಹಾಕ್ಬುಡಿ.’

ಹೊಸದನ್ನು ಹಾಕುವ ಮೊದಲು ನಾನೇ ಆ ಕುರ್ಚಿಯಲ್ಲಿ ಕೂತು ಎದ್ದೆ. ಪರದೆ ಕಪ್ಪಾಯಿತು. ದಪ್ಪನೆಯ ಹೊಸ ಕೇಬಲ್ ಹಾಕಿ ಮತ್ತೆ ಕೂತು ಎದ್ದೆ. ಹತ್ತು ಸಲ ಎದ್ದರೂ ಏನೂ ಆಗಲಿಲ್ಲ. ಆಪರೇಟರ್ ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಆವತ್ತು ಸ್ಟುಡಿಯೋದಲ್ಲಿ ಆಕೆ ಕೇಳಿಕೊಂಡದ್ದು ಇಷ್ಟೇ. ಒಂದು ನಿಮಿಷದ ಕೆಲಸ. ಮಧುಗಿರಿ ಬರುವವರೆಗೂ ಬಸ್ಸಿನಲ್ಲಿ ಯಾರ ಮುಖವನ್ನೂ ನೋಡಲಾಗದೆ ಕಿಟಕಿಗೆ ತಲೆ ಕೊಟ್ಟು ಕೂತಿದ್ದೆ.

ಮಾರನೆಯ ದಿನ ಕೊರಟಗೆರೆಗೆ ಹೋಗಿ ಜಾಯಿನರ್ ಕಿತ್ತು, ಉದ್ದನೆಯ ಒಂದೇ ಕೇಬಲ್ ಹಾಕಿದೆ. ಆಕೆಯ ಜಾಗಕ್ಕೆ ಬಂದಿದ್ದ ಗಂಡಸು ಎದ್ದರೂ ಪರದೆ ಹೋಗುತ್ತಿತ್ತಂತೆ. ‘ಆಯಮ್ಮಂದು ಇನ್ನೂ ಅಂಟ್ಕಂಡೈತೆ, ಒಂದ್ ಹೋಮ ಮಾಡಿಸ್ಬೇಕು ಅಂತಿದ್ದೆ’ ಎಂದರು ಮಾಲೀಕರು. ತಪ್ಪು ನನ್ನ ಜೋಡಣೆಯದು, ಆಕೆಯದಲ್ಲ ಎಂದು ಹೇಳಿದೆ. ‘ಹೋಗ್ಲಿ ಬುಡಿ, ಈಗ ಸರಿ ಆಯ್ತಲ್ಲ’ ಎಂದು ಅವರು ಮಾತು ಮುಗಿಸಿದರು.

ಅಲ್ಲಿಂದಲೇ ಹೊಳವನಹಳ್ಳಿಗೆ ಹೋಗಿ ಆಕೆಯ ಮನೆ ವಿಚಾರಿಸಿದೆ. ಜಗಲಿಯಲ್ಲಿ ಆಕೆಯ ಅತ್ತೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಆಕೆ ಬಾಗಿಲಿಗೆ ಬಂದು, ನನ್ನನ್ನು ಗುರುತಿಸಿ, ಹೊಸ್ತಿಲಲ್ಲೇ ನಿಂತಳು. ನಾನು ಯಾರೆಂದು ಅತ್ತೆಗೆ ಆಕೆ ಹೇಳಲಿಲ್ಲ. ನನಗೂ ಹೇಳುವ ಧೈರ್ಯ ಬರಲಿಲ್ಲ. ‘ಸ್ಟುಡಿಯೋ ವಿಷಯಕ್ಕೆ ಬಂದೆ ಕಣಮ್ಮ. ಕೆಟ್ಟಿದ್ದು ಕೇಬಲ್ಲು. ನಿಮ್ ಸೊಸೇದು ಏನೂ ತಪ್ಪಿಲ್ಲ’ ಎಂದೆ.

‘ಇರ್ಲಿ ಬುಡಪ್ಪ’ ಎಂದರು ಅತ್ತೆ. ‘ಮೊನ್ನೆ ನಮ್ ಬೋರಿನ ಮೋಟ್ರು ಸುಟ್ಟೋಯ್ತು. ಅದಕ್ ಮುಂಚೆ ಗಬ್ಬದ ಹಸ ಕಂದು ಹಾಕ್ತು. ಇವ್ಳ ಕಾಲ್ಗುಣಾನ ಹೆಂಗೆ ನಂಬ್ದೆ ಇರಾದು? ರಿಪೇರಿಯೋನೇ ಕಣ್ಣಾರೆ ನೋಡಿ ಹೇಳವ್ನಂತೆ. ಅವ್ನಿಗೇನು ಇವ್ಳ ಮ್ಯಾಲೆ ಹಗೆಯಾ?’

ಆಕೆ ನೆಲ ನೋಡುತ್ತಿದ್ದಳು. ಇವನೇ ಅವನು ಎಂದು ಕೈ ತೋರಿಸಬಹುದಿತ್ತು, ತೋರಿಸಲಿಲ್ಲ. ನನಗೆ ಅಳು ಬರುವಷ್ಟು ನಾಚಿಕೆಯಾಯಿತು.

‘ಆ ರಿಪೇರಿಯೋನು ನಾನೇ ಕಣಮ್ಮ’ ಎಂದೆ.

ಅತ್ತೆಯ ಕೈ ನಿಂತಿತು. ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ‘ಹಂಗಾರೆ ಆವತ್ತು ಹೇಳಿದ್ದು ಸುಳ್ಳಾ, ಇವತ್ತು ಹೇಳ್ತಿರಾದು ಸುಳ್ಳಾ?’

‘ಆವತ್ತಿಂದೇ ತಪ್ಪು’ ಎಂದೆ.

‘ಆವತ್ತು ನಿಂಗೆ ಯಾರೂ ಹೇಳ್ಕೊಟ್ಟಿರ್ಲಿಲ್ಲ’ ಎಂದರು ಅವರು, ಮತ್ತೆ ಹುಣಸೆಹಣ್ಣಿಗೆ ಕೈ ಹಾಕುತ್ತಾ. ‘ಇವತ್ತು ಇವ್ಳೇ ಹೇಳ್ಕೊಟ್ಟು ಕರ್ಸವ್ಳೆ.’

ಆಕೆ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.