ನಮ್ಮ ಮನೆಯ ಜಾಗದಲ್ಲಿ ಜಯಮ್ಮ ಬರೆದ ಬಾವಿ

ವಿಜಯನಗರದ ಪುಸ್ತಕದಂಗಡಿಯಲ್ಲಿ ಇವತ್ತು ಹುಡುಗಿಯೊಬ್ಬಳು ಭಾರತದ ಖಾಲಿ ನಕ್ಷೆ ಕೊಂಡಳು. ಆ ಕಾಗದದ ವಾಸನೆಗೆ ನಮ್ಮ ಸಮಾಜ ಪಾಠದ ಮಿಸ್ ನೆನಪಾದರು. ಅವರು ಪುಸ್ತಕದ ನಕ್ಷೆಗಿಂತ ಮೊದಲು ನಮ್ಮ ನಮ್ಮ ಬೀದಿಯನ್ನು ಬರೆಸುತ್ತಿದ್ದರು.

ಏಳನೇ ಕ್ಲಾಸಿನಲ್ಲಿ ನನ್ನ ಜೊತೆ ಓದುತ್ತಿದ್ದ ಜಯಮ್ಮ ನಮ್ಮ ಮನೆಯಿದ್ದ ಜಾಗದಲ್ಲಿ ಒಂದು ಬಾವಿ ಬರೆದಳು. "ನಮ್ಮ ತಾತನ ಬಾವಿ ಮಿಸ್. ಲೇಔಟ್ ಮಾಡುವಾಗ ಮುಚ್ಚಿಬಿಟ್ರು."

"ಸುಳ್ಳು ಮಿಸ್," ಎಂದೆ.

"ಹಂಗಾದ್ರೆ ದಿನಾ ಬಾವಿ ಮೇಲೆ ಮಲಗ್ತೀಯೇನೋ?" ಎಂದು ಹಿಂದಿನ ಬೆಂಚಿನವನು ಕೆಣಕಿದ. ಎಲ್ಲರೂ ನಕ್ಕರು.

ಮಿಸ್ ತೀರ್ಪು ಕೊಡಲಿಲ್ಲ. "ನಿಮ್ಮಪ್ಪನ್ನ ಕೇಳು, ಅವಳ ತಾತನ್ನೂ ಕೇಳು. ಇಬ್ರು ಹೇಳಿದ್ದನ್ನೂ ಬರ್ಕೊಂಡು ಬಾ."

ಅಪ್ಪ ಪೇಪರಿನಿಂದ ತಲೆಯೆತ್ತದೆ, "ಖಾಲಿ ಸೈಟು ಕಣೋ, ಬಾವಿ ಗೀವಿ ಏನೂ ಇರ್ಲಿಲ್ಲ," ಎಂದರು. ನನಗೆ ಅಷ್ಟು ಸಾಕಾಯಿತು. ತಾತನ ಬಳಿಗೆ ಹೋಗಲಿಲ್ಲ.

ಮರುದಿನ ಮಿಸ್ ಕೇಳಿದರು, "ತಾತ ಏನಂದ್ರು?"

"ಅವರೂ ಇರ್ಲಿಲ್ಲ ಅಂದ್ರು ಮಿಸ್."

ಜಯಮ್ಮ ರಬ್ಬರು ತೆಗೆದು ಬಾವಿಯನ್ನು ಅಳಿಸಿದಳು. ಬೆಲ್ ಆದ ಮೇಲೆ ನನ್ನ ಬಳಿ ಬಂದು, ಯಾರಿಗೂ ಕೇಳದಂತೆ ಹೇಳಿದಳು: "ನೀನು ಬರ್ತೀಯ ಅಂತ ತಾತ ಒಗೆದ ಅಂಗಿ ಹಾಕ್ಕೊಂಡು ಕಾಯ್ತಾ ಕೂತಿತ್ತು ಕಣೋ."

ಅವಳು ಬಾವಿ ಬರೆದ ಜಾಗದ ನಮ್ಮ ಮನೆಯಲ್ಲೇ ನಾನು ಈಗಲೂ ಇದ್ದೇನೆ. ಆ ತಾತನ ಮನೆ ಇದ್ದದ್ದು ಬರೀ ಎರಡು ಬೀದಿ ಆಚೆ.